ಮೈಮೂನಮ್ಮ ಫ್ಲೈಟ್ ಮೋಡ್ ಒತ್ತಿದ್ದು

ಗಲ್ಫ್‌ಗೆ ಹೊರಟವರ ಮನೆಗೆ ಹಿಂದಿನ ದಿನ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರು ಮಗನಿಗೆಂದು ಹಲ್ವ ತರುತ್ತಾರೆ. ಇನ್ನೊಬ್ಬರು ಅಳಿಯನಿಗೆಂದು ಉಪ್ಪಿನಕಾಯಿ ತರುತ್ತಾರೆ. ಎಲ್ಲವನ್ನೂ ಕಟ್ಟಿ, ಟೇಪು ಸುತ್ತಿ, ಮೇಲೆ ಹೆಸರು ಮತ್ತು ಫೋನ್ ನಂಬರ್ ಬರೆದಿರುತ್ತಾರೆ. ಬೇಡ ಎನ್ನುವಂತಿಲ್ಲ. ಕಟ್ಟಿ ಕೊಟ್ಟದ್ದನ್ನು ಬಿಚ್ಚಿ ನೋಡುವಂತೆಯೂ ಇಲ್ಲ. ನೋಡಿದರೆ ನಂಬಿಕೆ ಇಲ್ಲ ಎಂದಾಗುತ್ತದೆ.

ವೇಣೂರಿನ ಮೈಮೂನಮ್ಮನ ಮನೆಯಲ್ಲೂ ಅಂದು ಹಾಗೇ ಇತ್ತು. ಬಂದವರು ಕೊಟ್ಟದ್ದನ್ನೆಲ್ಲ ಅವರು ತೆಗೆದುಕೊಂಡು ಚೀಲಕ್ಕೆ ತುಂಬಿದರು. ಏನು ತುಂಬಿದೆ ಎಂದು ಕೇಳಿದರೆ ಅವರಿಗೆ ಹೇಳಲು ಗೊತ್ತಾಗುತ್ತಿರಲಿಲ್ಲ. ಮನಸ್ಸು ಅಲ್ಲಿ ಇರಲಿಲ್ಲ.

ಮಗಳು ಜಸ್ನಾ ಶಾರ್ಜಾದಲ್ಲಿದ್ದಾಳೆ. ಎಂಟು ತಿಂಗಳ ಬಸುರಿ. ಹತ್ತು ದಿನಗಳಿಂದ ಅವಳಿಗೆ ಬಿ.ಪಿ. ಏರಿದೆ, ಕಾಲು ಊದಿದೆ. ಯಾವ ದಿನವೂ ಆಸ್ಪತ್ರೆಗೆ ಸೇರಿಸಬೇಕಾಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅಳಿಯ ಸುಹೈಬ್ ಬಿಟ್ಟರೆ ಅಲ್ಲಿ ಮನೆಯವರು ಎಂದು ಯಾರೂ ಇಲ್ಲ. ಮೈಮೂನಮ್ಮ ನಾಳೆ ಮಧ್ಯಾಹ್ನದ ವಿಮಾನದಲ್ಲಿ ಒಬ್ಬರೇ ಹೋಗುತ್ತಿದ್ದಾರೆ. ಅವರು ಇದುವರೆಗೆ ವಿಮಾನ ಹತ್ತಿದವರಲ್ಲ.

ಸಂಜೆ ನಾಲ್ಕಕ್ಕೆ ಶಶಿಪ್ರಭಾ ಬಂದಳು. ಬಸದಿಯ ಹಿಂದಿನ ಓಣಿಯಲ್ಲಿ ಅವಳ ಮನೆ. ಮೈಮೂನಮ್ಮ ಇರುವ ಸ್ವಸಹಾಯ ಸಂಘಕ್ಕೆ ಅವಳೇ ಕಾರ್ಯದರ್ಶಿ. ಮದುವೆಗೆ ಮೊದಲು ನಾಲ್ಕು ವರ್ಷ ಬಜ್ಪೆಯ ವಿಮಾನ ನಿಲ್ದಾಣದಲ್ಲಿ, ಪ್ರಯಾಣಿಕರ ಚೀಲ ತೂಗಿ ಬೋರ್ಡಿಂಗ್ ಪಾಸ್ ಕೊಡುವ ಕೌಂಟರಿನಲ್ಲಿ ಕೆಲಸ ಮಾಡಿದವಳು. ಊರಿನಲ್ಲಿ ಯಾರು ವಿಮಾನ ಹತ್ತುವುದಿದ್ದರೂ ಅವಳನ್ನು ಕರೆಯುತ್ತಾರೆ. ಅವಳು ಕೊಕ್ಕೆಯ ತಕ್ಕಡಿ ಹಿಡಿದುಕೊಂಡು ಬರುತ್ತಾಳೆ.

“ಮೈಮೂನಕ್ಕ, ಇಪ್ಪತ್ತೆಂಟು ಕಿಲೋ ಆಯ್ತು. ನಿಮಗೆ ಮೂವತ್ತು ಬಿಟ್ಟಿದ್ದಾರೆ. ಇನ್ನು ಯಾರು ಬಂದ್ರೂ ಬಾಗಿಲು ತೆಗೀಬೇಡಿ.”

“ಚೀಲ ಬಿಡು ಶಶಿ. ನನಗೆ ಒಂದು ಹೇಳು. ವಿಮಾನದಲ್ಲಿ ಫೋನ್ ಬಂದ್ ಮಾಡ್ಲೇಬೇಕಾ?”

“ಬಂದ್ ಮಾಡದಿದ್ರೂ ಫ್ಲೈಟ್ ಮೋಡ್‌ಗೆ ಹಾಕ್ಬೇಕು. ಫೋನ್ ಆನ್ ಇರ್ತದೆ, ಆದ್ರೆ ಕಾಲ್ ಬರುದಿಲ್ಲ, ಹೋಗುದಿಲ್ಲ.”

“ಎಷ್ಟು ಹೊತ್ತು?”

“ನಾಲ್ಕು ಗಂಟೆ ಅಂತ ಇಟ್ಕೊಳ್ಳಿ.”

ಮೈಮೂನಮ್ಮ ಕೈಯಲ್ಲಿದ್ದ ಫೋನನ್ನು ತಲೆವಸ್ತ್ರದ ತುದಿಯಿಂದ ಒರೆಸಿದರು. ಹತ್ತು ದಿನಗಳಿಂದ ಅದು ಅವರ ಕೈ ಬಿಟ್ಟಿರಲಿಲ್ಲ. ಸ್ನಾನಕ್ಕೆ ಹೋದರೆ ಬಚ್ಚಲಿನ ಹೊರಗೆ ಸ್ಟೂಲಿನ ಮೇಲೆ ಇಟ್ಟು, ನೀರಿನ ಸದ್ದು ಸಣ್ಣದು ಮಾಡಿ ಕೇಳಿಸಿಕೊಳ್ಳುತ್ತಿದ್ದರು.

“ಆ ನಾಲ್ಕು ಗಂಟೆಯಲ್ಲಿ ಜಸ್ನಾಗೆ ಏನಾದ್ರೂ ಆದ್ರೆ?”

ಶಶಿಪ್ರಭಾ ಉತ್ತರ ಕೊಡುವ ಮೊದಲೇ ಬಾಗಿಲ ಬಳಿ ಕುಳಿತಿದ್ದ ಬಾವಾ ಮಾತಾಡಿದರು. ಬಾವಾ ಮೈಮೂನಮ್ಮನ ಗಂಡ. ಹದಿನೆಂಟು ವರ್ಷ ಗಲ್ಫಿನ ದಮ್ಮಾಮಿನಲ್ಲಿ ದುಡಿದು ಬಂದು, ಈಗ ವೇಣೂರು ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದಾರೆ.

“ಎಂತ ಬಂದ್ ಮಾಡುದು ಮಾರಾಯ್ತಿ? ನಾನು ಹದಿನೆಂಟು ವರ್ಷ ಹೋಗಿ ಬಂದವ. ಒಮ್ಮೆಯೂ ಮಾಡ್ಲಿಲ್ಲ. ಜೇಬಲ್ಲಿ ಇಟ್ಟು ನಿದ್ದೆ ಮಾಡುದು. ವಿಮಾನ ಬಿತ್ತಾ?”

“ಬೀಳ್ಲಿಲ್ಲ ಬಾವಾಕ. ನೀವು ಹೆಲ್ಮೆಟ್ ಇಲ್ದೆ ಗುರುವಾಯನಕೆರೆಗೆ ಹೋಗ್ತೀರಿ. ಅಲ್ಲಿಯೂ ಇದುವರೆಗೆ ಬೀಳ್ಲಿಲ್ಲ.”

“ಇವಳ ಬಾಯಿ ನೋಡು,” ಎಂದರು ಬಾವಾ. ಆದರೆ ನಗಲಿಲ್ಲ.

ಬೀಳುವ ಮಾತು ಬಂದದ್ದೇ ಮೂವರಿಗೂ ಒಂದೇ ನೆನಪು ಬಂತು. ಬಜ್ಪೆಯ ಗುಡ್ಡದಲ್ಲಿ ಆದ ವಿಮಾನ ಅಪಘಾತವನ್ನು ಈ ಕಡೆಯ ಮನೆಗಳು ಇನ್ನೂ ಮರೆತಿಲ್ಲ.

“ಅದು ಫೋನಿನಿಂದ ಆದದ್ದಲ್ಲ,” ಎಂದು ಶಶಿಪ್ರಭಾ ತಾನಾಗಿಯೇ ಹೇಳಿದಳು. “ಸುಳ್ಳು ಹೇಳಿ ನಿಮ್ಮನ್ನು ಹೆದರಿಸುದಿಲ್ಲ. ಒಂದು ಫೋನ್ ಆನ್ ಇದ್ರೆ ವಿಮಾನ ಬೀಳುದಿಲ್ಲ. ಆದ್ರೆ ಪೈಲಟ್ ಕಿವಿಗೆ ಹೆಡ್‌ಫೋನ್ ಹಾಕಿರ್ತಾರೆ. ಎಷ್ಟು ಎತ್ತರದಲ್ಲಿ ಬರ್ಬೇಕು, ಯಾವಾಗ ಇಳೀಬೇಕು ಅಂತ ಕೆಳಗಿಂದ ಅದರಲ್ಲಿ ಹೇಳ್ತಾರೆ. ಮದ್ರಸದ ಕಾರ್ಯಕ್ರಮದಲ್ಲಿ ಮೈಕಿನ ಹತ್ರ ಯಾರಾದ್ರೂ ಫೋನ್ ಇಟ್ರೆ ಕರಕರ ಬರ್ತದಲ್ಲ, ಅಂಥ ಶಬ್ದ ಪೈಲಟ್ ಕಿವಿಗೂ ಬರಬಹುದು. ವಿಮಾನದಲ್ಲಿ ನೂರೆಂಬತ್ತು ಜನ. ಎಲ್ಲರೂ ಬಾವಾಕನ ಹಾಗೆ ಜೇಬಲ್ಲಿಟ್ಟು ಮಲಗಿದ್ರೆ? ಗುಡ್ಡದ ಮೇಲೆ ಇಳಿಸುವವರಿಗೆ ಒಂದು ಮಾತು ಕೇಳದೆ ಹೋದ್ರೆ ಅದು ಸಣ್ಣ ವಿಷಯ ಅಲ್ಲ.”

“ಹಾಗಾದ್ರೆ ಇವಳು ನಾಲ್ಕು ಗಂಟೆ ಫೋನ್ ಬಂದ್ ಮಾಡಿ ಹೆದರಿ ಕೂತ್ಕೊಳ್ಬೇಕಾ?”

“ಆನ್ ಇಟ್ರೂ ಹೆದರಿಯೇ ಕೂತ್ಕೊಳ್ಬೇಕು. ಅಷ್ಟು ಎತ್ತರದಲ್ಲಿ ನೆಟ್‌ವರ್ಕ್ ಸಿಗುದಿಲ್ಲ. ಕೆಲವು ವಿಮಾನದಲ್ಲಿ ವೈಫೈ ಉಂಟು. ಇವರು ಹೋಗುದ್ರಲ್ಲಿ ಇಲ್ಲ, ನಾನು ಕೇಳಿದ್ದೇನೆ. ಮೈಮೂನಕ್ಕ, ಕಕ್ಕಿಂಜೆ ದಾಟಿ ಚಾರ್ಮಾಡಿ ಘಾಟಿ ಹತ್ತುವಾಗ ನಿಮ್ಮ ಫೋನ್ ಎಂತಾಗ್ತದೆ?”

“ನೆಟ್‌ವರ್ಕ್ ಹೋಗ್ತದೆ.”

“ಮತ್ತೆ?”

ಮೈಮೂನಮ್ಮ ಸ್ವಲ್ಪ ಯೋಚಿಸಿದರು. “ಬಿಸಿ ಆಗ್ತದೆ. ಕೊಟ್ಟಿಗೆಹಾರ ಮುಟ್ಟುವಾಗ ಚಾರ್ಜ್ ಎಷ್ಟೋ ಇಳಿದಿರ್ತದೆ.”

“ಅದೇ. ಟವರ್ ಹುಡುಕಿ ಹುಡುಕಿ ಖಾಲಿ ಆಗುದು. ನಾಲ್ಕು ಗಂಟೆ ಹಾಗೆ ಹುಡುಕಿದ್ರೆ, ಇಳಿದ ಮೇಲೆ ಸುಹೈಬ್ ಕಾಲ್ ಮಾಡುವಾಗ ಫೋನ್ ಸತ್ತಿರ್ತದೆ. ಮೇಲೆ ಇರುವಾಗ ನೀವು ಯಾರಿಗೂ ಸಿಗುದಿಲ್ಲ. ಅದು ನಿಮ್ಮ ಕೈಯಲ್ಲಿಲ್ಲ. ಇಳಿದ ಕೂಡಲೇ ಸಿಗಬೇಕಾ ಬೇಡ್ವಾ, ಅದು ಮಾತ್ರ ನಿಮ್ಮ ಕೈಯಲ್ಲಿ ಉಂಟು.”

ಬಾವಾ ತಮ್ಮ ಜೇಬಿನ ಫೋನನ್ನು ತೆಗೆದು ನೋಡಿದರು.

ಶಶಿಪ್ರಭಾ ಫೋನಿನಲ್ಲಿ ವಿಮಾನದ ಗುರುತು ಎಲ್ಲಿದೆ ಎಂದು ತೋರಿಸಿದಳು. ಮೈಮೂನಮ್ಮನ ಬೆರಳಿನಿಂದಲೇ ಮೂರು ಸಲ ಒತ್ತಿಸಿದಳು, ಮೂರು ಸಲ ತೆಗೆಸಿದಳು. ಒಂದು ಕಾಗದದಲ್ಲಿ ಸುಹೈಬ್, ಜಸ್ನಾ, ಬಾವಾ, ಮೂವರ ನಂಬರ್ ಬರೆದು ಪಾಸ್‌ಪೋರ್ಟಿನ ಒಳಗೆ ಇಟ್ಟಳು. ವಿಮಾನದ ನಂಬರ್ ಮತ್ತು ಇಳಿಯುವ ಹೊತ್ತನ್ನು ಸುಹೈಬನಿಗೆ ಕಳಿಸಿದಳು.

“ಇನ್ನೊಂದು. ಫೋನ್ ಸೀಟಿನ ಸಂದಿಗೆ ಬಿದ್ರೆ ಸೀಟನ್ನು ಹಿಂದೆ ಮುಂದೆ ಮಾಡ್ಬೇಡಿ. ಒಳಗೆ ಸಿಕ್ಕಿ ಬ್ಯಾಟರಿ ಜಜ್ಜಿ ಹೋದ್ರೆ ಬೆಂಕಿ ಬರ್ತದೆ. ಅಲ್ಲಿನ ಹುಡುಗಿಯರನ್ನು ಕರೀರಿ, ಅವರು ತೆಗೆದು ಕೊಡ್ತಾರೆ.”

ಏಳುವಾಗ ಅವಳ ಕಣ್ಣಿಗೆ ಚೀಲದಲ್ಲಿದ್ದ ಒಂದು ಚಪ್ಪಲಿ ಪೆಟ್ಟಿಗೆ ಬಿತ್ತು. ಮೈತುಂಬ ಟೇಪು.

“ಇದು ಯಾರದ್ದು?”

“ಕಕ್ಕಿಂಜೆಯ ಅವ್ವಮ್ಮಂದು. ಮೊಮ್ಮಗ ಶಾರ್ಜಾದಲ್ಲೇ ಇರುದು.”

“ಒಳಗೆ ಎಂತ ಉಂಟು?”

“ಚಿಪ್ಸ್ ಅಂತೆ.”

ಶಶಿಪ್ರಭಾ ಕೈಯಲ್ಲಿ ಎತ್ತಿ ನೋಡಿದಳು. “ಚಿಪ್ಸ್ ಇಷ್ಟು ಭಾರ ಇರ್ತದಾ? ಬಿಚ್ಚಿ ನೋಡುವ.”

“ಬೇಡ ಶಶಿ. ಅವ್ವಮ್ಮ ಎಪ್ಪತ್ತು ದಾಟಿದವರು. ಎರಡು ಬಸ್ ಬದಲಾಯಿಸಿ ತಂದು ಕೊಟ್ಟದ್ದು. ನಾನು ಬಿಚ್ಚಿದ್ದು ಗೊತ್ತಾದ್ರೆ ಮುಖ ಕೊಟ್ಟು ಮಾತಾಡ್ಲಿಕ್ಕಿಲ್ಲ.”

“ಹಾಗಾದ್ರೆ ಫೋನ್ ಮಾಡಿ ಕೇಳಿ. ಹಳೆ ಫೋನ್, ಪವರ್ ಬ್ಯಾಂಕ್, ಬ್ಯಾಟರಿ, ಯಾವುದೂ ದೊಡ್ಡ ಚೀಲದ ಒಳಗೆ ಹೋಗ್ಬಾರ್ದು.”

“ಕೇಳ್ತೇನೆ.”

ಮೈಮೂನಮ್ಮ ಕೇಳಲಿಲ್ಲ. ಮರೆತದ್ದಲ್ಲ. ಕೇಳುವುದೂ ಬಿಚ್ಚಿದ ಹಾಗೇ ಎಂದು ಅವರಿಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಏಳಕ್ಕೆ ಕಾರು ಹೊರಟಿತು. ಮೂಡುಬಿದಿರೆ ಬಸ್ ನಿಲ್ದಾಣದ ಬಳಿ ಕಾಲೇಜಿನ ಮಕ್ಕಳು ರಸ್ತೆ ತುಂಬಿದ್ದರು. ಹತ್ತು ನಿಮಿಷ ಕಾರು ಅಲುಗಲಿಲ್ಲ. ಆ ಹತ್ತು ನಿಮಿಷದಲ್ಲಿ ಮೈಮೂನಮ್ಮ ಫೋನನ್ನು ಏಳು ಸಲ ನೋಡಿದರು.

ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ ಚೀಲ ತೂಗಿದಳು. ಒಂದು ಚಿತ್ರ ತೋರಿಸಿ ಕೇಳಿದಳು. “ಪವರ್ ಬ್ಯಾಂಕ್, ಬ್ಯಾಟರಿ, ಲೈಟರ್, ಇಂಥದ್ದು ಏನಾದ್ರೂ ಈ ಚೀಲದಲ್ಲಿ ಉಂಟಾ ಅಮ್ಮ?”

“ಇಲ್ಲ.”

“ಎಲ್ಲ ನೀವೇ ತುಂಬಿಸಿದ್ದಾ?”

“ಹೌದು.”

ಎರಡು ಸಲವೂ ಅವರು ಹುಡುಗಿಯ ಮುಖ ನೋಡದೆ ಹೇಳಿದರು. ಗಾಜಿನ ಹೊರಗೆ ಬಾವಾ ಕೈ ಎತ್ತಿದರು. ಮೈಮೂನಮ್ಮ ಒಳಗೆ ನಡೆದರು.

ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು. ಕೈಚೀಲದ ತಪಾಸಣೆ ಮುಗಿಯಿತು. ವಿಮಾನದ ಬಾಗಿಲಿಗೆ ಹೋಗುವ ಸಾಲು ಶುರುವಾಗುವ ಹೊತ್ತಿಗೆ ಮೈಕಿನಲ್ಲಿ ಅವರ ಹೆಸರು ಕೇಳಿತು. ಜಸ್ನಾಗೆ ಏನೋ ಆಗಿದೆ ಎಂದೇ ಅವರು ಅಂದುಕೊಂಡರು. ಎದ್ದು ನಿಂತರು. ವಿಮಾನ ನಿಲ್ದಾಣದವರಿಗೆ ಜಸ್ನಾಳ ಸುದ್ದಿ ಗೊತ್ತಾಗುವುದು ಹೇಗೆ ಎಂದು ಹೊಳೆದದ್ದು ಆಮೇಲೆ.

ಒಬ್ಬ ಹುಡುಗ ಅವರನ್ನು ಕೆಳಗಿನ ಕೋಣೆಗೆ ಕರೆದುಕೊಂಡು ಹೋದ. ಮೇಜಿನ ಮೇಲೆ ಅವರ ಚೀಲ ಇತ್ತು. ಭದ್ರತೆಯ ಅಧಿಕಾರಿ ಒಬ್ಬ ಹೆಂಗಸು. ಚಪ್ಪಲಿ ಪೆಟ್ಟಿಗೆಯನ್ನು ಮೈಮೂನಮ್ಮನ ಎದುರಿಗೇ ಬಿಚ್ಚಿಸಿದಳು. ಮೇಲೆ ಚಿಪ್ಸ್. ಅದರ ಕೆಳಗೆ ಮಕ್ಕಳ ಟವೆಲಿನಲ್ಲಿ ಸುತ್ತಿದ ಒಂದು ಪವರ್ ಬ್ಯಾಂಕ್, ಒಂದು ಹಳೆಯ ಫೋನ್. ಫೋನಿನ ಬೆನ್ನು ಉಬ್ಬಿ, ಮುಚ್ಚಳ ಬಾಯಿ ಬಿಟ್ಟಿತ್ತು.

“ಇದು ಯಾರದ್ದು?”

“ನನ್ನದಲ್ಲ.”

“ನಿಮ್ಮ ಚೀಲದಲ್ಲಿ ಉಂಟಲ್ಲ.”

“ಒಳಗೆ ಎಂತ ಉಂಟು ಅಂತ ನನಗೆ ಗೊತ್ತಿಲ್ಲ.”

ಹೇಳಿ ಮುಗಿಸಿದ ಮೇಲೆ ಆ ಮಾತು ಅವರಿಗೇ ಹೆದರಿಕೆ ಹುಟ್ಟಿಸಿತು.

“ಕೌಂಟರಿನಲ್ಲಿ ಕೇಳ್ಲಿಲ್ವಾ?”

“ಕೇಳಿದ್ರು.”

ಅಧಿಕಾರಿ ಮುಂದೆ ಕೇಳಲಿಲ್ಲ. ಉಬ್ಬಿದ ಫೋನನ್ನು ಎರಡು ಬೆರಳಲ್ಲಿ ಹಿಡಿದು ಲೋಹದ ತಟ್ಟೆಯಲ್ಲಿ ಇಟ್ಟಳು. “ಅಮ್ಮ, ಇಂಥ ಬ್ಯಾಟರಿ ಬಿಸಿಯಾದ್ರೆ ತಾನಾಗಿಯೇ ಉರೀತದೆ. ನೀವು ಕೂತುಕೊಳ್ಳುವಲ್ಲಿ ಹೊಗೆ ಬಂದ್ರೆ ಯಾರಾದ್ರೂ ನೋಡ್ತಾರೆ, ಆರಿಸ್ತಾರೆ. ಈ ಚೀಲಗಳೆಲ್ಲ ಹೋಗುದು ಕೆಳಗೆ. ಅಲ್ಲಿ ನೋಡ್ಲಿಕ್ಕೆ ಯಾರೂ ಇಲ್ಲ.”

“ನನ್ನ ಮಗಳು ಬಸುರಿ. ಅವಳಿಗೆ ಹುಷಾರಿಲ್ಲ. ಈ ವಿಮಾನ ತಪ್ಪಿದ್ರೆ...”

“ಈ ವಿಮಾನದಲ್ಲಿ ಎಲ್ಲರಿಗೂ ಯಾರಾದ್ರೂ ಇದ್ದಾರೆ ಅಮ್ಮ,” ಎಂದಳು ಅವಳು. ಗದರಿ ಹೇಳಲಿಲ್ಲ. “ಇಲ್ಲಿ ಬರೆದು ಸಹಿ ಹಾಕಿ. ಹದಿನೈದು ನಿಮಿಷ ಉಂಟು. ಹೊರಗೆ ನಿಮ್ಮವರು ಇದ್ರೆ ಇವನ್ನು ಅವರಿಗೆ ಕೊಡಿಸ್ತೇನೆ. ಉಬ್ಬಿದ್ದನ್ನು ಒತ್ತಬಾರ್ದು, ಚಾರ್ಜಿಗೆ ಹಾಕ್ಬಾರ್ದು ಅಂತ ಹೇಳಿ. ಫೋನ್ ರಿಪೇರಿ ಮಾಡುವವರ ಹತ್ರ ಬ್ಯಾಟರಿ ತೆಗೆಸ್ಲಿ.”

ಮೈಮೂನಮ್ಮ ಸಹಿ ಹಾಕಿದರು. ಸಾಲಿನಲ್ಲಿ ಕೊನೆಯವರಾಗಿ ಅವರು ವಿಮಾನದ ಕಡೆ ನಡೆಯುವಾಗ ಬಾವಾ ಕರೆ ಮಾಡಿದರು.

“ಸಾಮಾನು ನನ್ನ ಕೈಗೆ ಬಂತು. ಅವ್ವಮ್ಮನಿಗೆ ಫೋನ್ ಮಾಡಿದೆ. ಅದು ತೀರಿಹೋದ ಮಗನ ಫೋನ್ ಅಂತೆ. ಅಪ್ಪನ ಸ್ವರ ಅದರಲ್ಲಿ ಉಂಟು, ಶಾರ್ಜಾದಲ್ಲಿ ಸರಿ ಮಾಡಿಸಿ ತೆಗೆಸ್ತೇನೆ ಅಂತ ಮೊಮ್ಮಗ ಹೇಳಿದ್ದಂತೆ. ‘ಬ್ಯಾಟರಿ ಕೊಂಡೋಗ್ಬಾರ್ದು ಅಂತ ನನಗೆ ಎಂತ ಗೊತ್ತು? ಮೈಮೂನ ಕೇಳಿದ್ರೆ ಹೇಳ್ತಿದ್ದೆ’ ಅಂದ್ರು.”

“ನಾನು ಕೇಳ್ಬೇಕಿತ್ತು,” ಎಂದರು ಮೈಮೂನಮ್ಮ.

“ಮೂಡುಬಿದಿರೆಯಲ್ಲಿ ಗುರ್ತದ ಅಂಗಡಿ ಉಂಟು, ಕೊಟ್ಟು ಹೋಗ್ತೇನೆ. ನೀನು ಹತ್ತು.”

ಅವರ ಪಕ್ಕದ ಸೀಟಿನಲ್ಲಿ ಕುಶಾಲಪ್ಪ ಎಂಬವರು ಕುಳಿತಿದ್ದರು. ಬೆಳ್ತಂಗಡಿ ಕಡೆಯವರು, ದುಬೈಯಲ್ಲಿ ಕ್ರೇನ್ ಓಡಿಸುವವರು. ಫೋನನ್ನು ಮುಖದ ಎದುರು ಹಿಡಿದು ಹೆಂಡತಿಯ ಜೊತೆ ವಿಡಿಯೋ ಕಾಲಿನಲ್ಲಿದ್ದರು. ಸ್ಪೀಕರ್ ಆನ್ ಇತ್ತು.

“ನಿಮ್ಮ ಅಣ್ಣ ಕೊಂಡೋದ ಪಂಪ್ ಇನ್ನೂ ತಂದು ಕೊಡ್ಲಿಲ್ಲ,” ಎನ್ನುತ್ತಿತ್ತು ಫೋನಿನೊಳಗಿನ ಸ್ವರ. “ಆ ಜನಕ್ಕೆ ನಾಚಿಕೆ ಅಂತ ಒಂದು ಉಂಟಾ?”

“ನಾನು ಹೇಳ್ತೇನೆ ಮಾರಾಯ್ತಿ.”

“ನೀವು ಹೇಳಿದ್ದನ್ನು ನೋಡಿದ್ದೇನೆ. ಅವರೆದುರು ಬೆಕ್ಕು ನೀವು.”

ಹಿಂದಿನ ಸೀಟಿನಿಂದ ಒಬ್ಬರು ಬಗ್ಗಿ ಹೇಳಿದರು. “ಅಣ್ಣಾ, ಪಂಪ್ ಬಂದ ಮೇಲೆ ನಮಗೂ ಒಂದು ತಿಳಿಸಿ. ಈಗ ಅರ್ಧ ವಿಮಾನಕ್ಕೆ ಚಿಂತೆ ಆಗಿದೆ.”

ಸುತ್ತಲಿನವರು ನಕ್ಕರು. ಕುಶಾಲಪ್ಪ ಕೆಂಪಾಗಿ ಕಾಲ್ ಕಟ್ ಮಾಡಿದರು. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕದೆ ಹಾಗೇ ಜೇಬಿಗೆ ಹಾಕಿಕೊಂಡರು.

ವಿಮಾನದ ಬಾಗಿಲು ಮುಚ್ಚಿದ ಸದ್ದಾಯಿತು. ಆಗಲೇ ಮೈಮೂನಮ್ಮನ ಫೋನ್ ಬಡಿದುಕೊಂಡಿತು. ಸುಹೈಬ್.

“ಮಾಮಿ, ಜಸ್ನಾಗೆ ಬಿ.ಪಿ. ತುಂಬ ಜಾಸ್ತಿ ಆಯ್ತು. ಆಸ್ಪತ್ರೆಗೆ ತಂದಿದ್ದೇನೆ. ಆಪರೇಷನ್ ಮಾಡಿ ಮಗು ತೆಗೀಬೇಕು ಅಂತಿದ್ದಾರೆ.”

“ಈಗಲಾ?”

“ಈಗಲೇ. ಒಳಗೆ ಕರ್ಕೊಂಡು ಹೋಗ್ತಾರೆ.”

ಗಗನಸಖಿ ಸಾಲಿನ ಬಳಿ ಬಂದು ನಿಂತಳು. ಚಿಕ್ಕ ಪ್ರಾಯದವಳು. “ಅಮ್ಮ, ಫೋನ್ ಫ್ಲೈಟ್ ಮೋಡ್‌ಗೆ ಹಾಕಿ. ವಿಮಾನ ಹೊರಡ್ತಾ ಉಂಟು.”

“ನನ್ನ ಮಗಳನ್ನು ಆಪರೇಷನ್‌ಗೆ ತಗೊಂಡು ಹೋಗ್ತಿದ್ದಾರೆ.”

ಹುಡುಗಿ ಅವರ ಸೀಟಿನ ಬಳಿ ಬಗ್ಗಿದಳು. “ಒಂದು ಮಾತು ಹೇಳಿ ಇಡಿ ಅಮ್ಮ. ನಾನು ಇಲ್ಲೇ ಇದ್ದೇನೆ.”

ಹೇಳಲು ನೂರು ಮಾತು ಇತ್ತು. ಮೈಮೂನಮ್ಮನಿಗೆ ಒಂದೂ ನೆನಪಾಗಲಿಲ್ಲ. ಫೋನ್ ಕಿವಿಯಲ್ಲಿ ಇತ್ತು. ಅಳಿಯನ ಉಸಿರು ಕೇಳುತ್ತಿತ್ತು. ಇದನ್ನು ಹೀಗೇ ಹಿಡಿದುಕೊಂಡಿದ್ದರೆ ಮಗಳಿಗೆ ಏನೂ ಆಗುವುದಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಶಶಿಪ್ರಭಾ ಹೇಳಿದ್ದು ನೆನಪಾಯಿತು. ಇಳಿದ ಕೂಡಲೇ ಸಿಗಬೇಕಾ, ಬೇಡ್ವಾ.

“ಸುಹೈಬ್, ಕೇಳು. ನಾನು ಫೋನ್ ಫ್ಲೈಟ್ ಮೋಡ್‌ಗೆ ಹಾಕ್ತೇನೆ. ನಿಮ್ಮಲ್ಲಿ ಎರಡೂವರೆ ಗಂಟೆಗೆ ಇಳಿದಿರ್ತೇನೆ. ಅಷ್ಟರವರೆಗೆ ಕಾಲ್ ಮಾಡಿ ಮಾಡಿ ನೀನು ಹೆದರ್ಬೇಡ. ಎಂತ ಆದ್ರೂ ಮೆಸೇಜ್ ಹಾಕು. ನಾನು ಬರುವಾಗ ಅದು ಕಾಯ್ತಾ ಇರ್ತದೆ. ನನ್ನ ಫೋನಲ್ಲಿ ಚಾರ್ಜ್ ಉಂಟು. ಜಸ್ನಾಗೆ ಹೇಳು, ಉಮ್ಮ ಹೊರಟಿದ್ದಾಳೆ ಅಂತ.”

“ಆಯ್ತು ಮಾಮಿ.”

ವಿಮಾನದ ಗುರುತನ್ನು ಒತ್ತಿದರು. ಕಿವಿಯಲ್ಲಿ ಅಳಿಯನ ಉಸಿರಿನ ಸದ್ದು ನಿಂತಿತು.

ಮೇಲೆ ಹೋದ ಮೇಲೆ ಕಿವಿ ಮುಚ್ಚಿಕೊಂಡಿತು. ಊಟ ಬಂತು, ಹಾಗೇ ಹೋಯಿತು. ಮೈಮೂನಮ್ಮ ತಸ್ಬೀಹ್ ಮಣಿ ಎಣಿಸಿದರು, ಎಷ್ಟಕ್ಕೆ ನಿಂತೆ ಎಂದು ಮರೆತು ಮತ್ತೆ ಮೊದಲಿನಿಂದ ಎಣಿಸಿದರು. ಕಿಟಕಿಯಲ್ಲಿ ಬರೀ ಬಿಳಿ ಇತ್ತು. ಕೆಳಗೆ ಎಲ್ಲೋ ಒಂದು ಕೋಣೆಯಲ್ಲಿ ಮಗಳು ಮಲಗಿದ್ದಾಳೆ. ಗಡಿಯಾರ ನೋಡಿದರೆ ಹನ್ನೊಂದು ನಿಮಿಷ ಕಳೆದಿತ್ತು, ಇನ್ನೊಮ್ಮೆ ನೋಡಿದರೆ ನಾಲ್ಕು.

ಕುಶಾಲಪ್ಪ ಫೋನಿನಲ್ಲಿ ಸಿನಿಮಾ ನೋಡುತ್ತಿದ್ದರು. ಈಗ ಇಯರ್‌ಫೋನ್ ಹಾಕಿಕೊಂಡಿದ್ದರು. ನೋಡುತ್ತಾ ತೂಕಡಿಸಿದರು. ಫೋನ್ ಕೈಯಿಂದ ಜಾರಿ ಎರಡು ಸೀಟುಗಳ ಸಂದಿಗೆ ಇಳಿಯಿತು. ಅವರು ಎಚ್ಚರಗೊಂಡು ಕೈ ಹಾಕಿದರು. ಬೆರಳಿಗೆ ತಾಗಿತು, ಬರಲಿಲ್ಲ. ಸೀಟನ್ನು ಹಿಂದೆ ಬಾಗಿಸುವ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟರು.

ಮೈಮೂನಮ್ಮ ಅವರ ಮಣಿಕಟ್ಟು ಹಿಡಿದರು. ಪರಗಂಡಸಿನ ಕೈ ಎಂದು ಆಗ ತೋಚಲಿಲ್ಲ.

“ಒತ್ತಬೇಡಿ.”

“ಅಲ್ಲ, ಸ್ವಲ್ಪ ಹಿಂದೆ ಮಾಡಿದ್ರೆ ಬರ್ತದೆ.”

“ಜಜ್ಜಿ ಹೋದ್ರೆ ಬೆಂಕಿ ಬರ್ತದೆ. ಅವರನ್ನು ಕರೀರಿ.”

“ಇಷ್ಟಕ್ಕೆಲ್ಲ ಯಾಕೆ ಅವರನ್ನು...”

“ನನ್ನ ಮಗಳು ಆಪರೇಷನ್ ಟೇಬಲ್ ಮೇಲೆ ಇದ್ದಾಳೆ ತಮ್ಮಾ. ನಾನು ಇಳೀಬೇಕು.”

ಕುಶಾಲಪ್ಪ ಗುಂಡಿಯಿಂದ ಕೈ ತೆಗೆದರು. ಮೇಲಿನ ಕರೆಗುಂಡಿ ಒತ್ತಿದರು. ಬಂದ ಹುಡುಗಿ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿ, ಸೀಟಿನ ಮೆತ್ತೆ ಎತ್ತಿ, ಫೋನ್ ತೆಗೆದು ತಿರುಗಿಸಿ ನೋಡಿದಳು. ಏನೂ ಆಗಿರಲಿಲ್ಲ. “ಸೀಟು ಅಲುಗಿಸದೆ ಕರೆದದ್ದು ಒಳ್ಳೆದಾಯ್ತು ಸರ್,” ಎಂದಳು. ಕುಶಾಲಪ್ಪ ಮೈಮೂನಮ್ಮನ ಕಡೆ ತೋರಿಸಿದರು. ಆಮೇಲೆ ಸಿನಿಮಾ ಹಾಕಲಿಲ್ಲ. “ಎಷ್ಟನೇ ಹೆರಿಗೆ?” ಎಂದು ಮೆಲ್ಲ ಕೇಳಿದರು. “ಮೊದಲನೇದು,” ಎಂದರು ಮೈಮೂನಮ್ಮ.

ವಿಮಾನ ನೆಲ ಮುಟ್ಟಿದ ಕೂಡಲೇ ಸುತ್ತಲೂ ಫೋನುಗಳು ಬೆಳಗಿದವು. ಇನ್ನೂ ಓಡುತ್ತಿರುವಾಗಲೇ ಕೆಲವರು ಎದ್ದು ನಿಂತರು. ಮೈಮೂನಮ್ಮ ಫೋನನ್ನು ಎದೆಗೆ ಹಿಡಿದು ಕುಳಿತರು. ನಾಲ್ಕು ಗಂಟೆ ತಡೆದವರಿಗೆ ಈ ಎರಡು ನಿಮಿಷ ಹೆಚ್ಚು ಕಷ್ಟವಾಯಿತು. ಇನ್ನು ಫೋನ್ ಬಳಸಬಹುದು ಎಂದು ಮೈಕಿನಲ್ಲಿ ಹೇಳಿದ ಮೇಲೆ ಗುರುತು ಒತ್ತಿದರು. ಒಂದು, ಎರಡು, ಮೂರು ಸಲ ಫೋನ್ ನಡುಗಿತು. ಮೂರೂ ಸುಹೈಬನ ಮೆಸೇಜು.

ಒಳಗೆ ಕರ್ಕೊಂಡು ಹೋದ್ರು ಮಾಮಿ.

ಹೆಣ್ಣು ಮಗು. ತುಂಬ ಸಣ್ಣದು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ಜಸ್ನಾಗೆ ಬಿ.ಪಿ. ಇಳೀಲಿಲ್ಲ. ಐ.ಸಿ.ಯು.ನಲ್ಲಿ ಇದ್ದಾಳೆ. ನಾನು ಏರ್‌ಪೋರ್ಟಿಗೆ ಬರ್ಲಿಕ್ಕೆ ಆಗುದಿಲ್ಲ. ನನ್ನ ಸ್ನೇಹಿತ ಹೊರಗೆ ನಿಂತಿದ್ದಾನೆ, ನಂಬರ್ ಕಳಿಸಿದ್ದೇನೆ. ಸೀದಾ ಆಸ್ಪತ್ರೆಗೆ ಬನ್ನಿ.

ಫೋನಿನಲ್ಲಿ ಶೇಕಡಾ ತೊಂಬತ್ತೊಂದು ಚಾರ್ಜ್ ಇತ್ತು. ಮೈಮೂನಮ್ಮ ನಡೆಯುತ್ತಲೇ ಸುಹೈಬನಿಗೆ ಕರೆ ಮಾಡಿದರು, ಸಣ್ಣ ಸ್ವರದಲ್ಲಿ. ಆ ಸ್ನೇಹಿತನಿಗೂ ಮಾಡಿದರು. ಕುಶಾಲಪ್ಪ ಹಿಂದಿನಿಂದ ಓಡಿ ಬಂದರು. ಅವರ ಫೋನ್ ಸತ್ತುಹೋಗಿತ್ತು. ಕಂಪೆನಿಯ ವ್ಯಾನಿನವನ ನಂಬರ್ ಅದರೊಳಗೇ ಇತ್ತು.

“ಅಕ್ಕ, ಮನೆಗೆ ಒಂದು ಕಾಲ್ ಮಾಡಿ ನಂಬರ್ ಕೇಳಬಹುದಾ? ಹೆಂಡತಿಯ ನಂಬರ್ ಒಂದು ಬಾಯಿಪಾಠ ಉಂಟು.”

“ಮಾಡಿ. ಪಂಪಿನ ಸುದ್ದಿ ಬೇಡ.”

ಅದೊಂದೇ ಸಲ ಮೈಮೂನಮ್ಮ ಆ ದಿನ ನಕ್ಕದ್ದು. ಅದೂ ಪೂರ್ತಿ ಅಲ್ಲ.

ಆಸ್ಪತ್ರೆಯಲ್ಲಿ ಅವರನ್ನು ಐದು ನಿಮಿಷ ಒಳಗೆ ಬಿಟ್ಟರು. ಜಸ್ನಾಳ ಮುಖ ಊದಿತ್ತು. ಕಣ್ಣು ತೆರೆದಳು. “ಉಮ್ಮ, ಸುಹೈಬ್ ಹೇಳಿದ್ರು, ನೀವು ಎರಡೂವರೆಗೆ ಸಿಗ್ತೀರಿ ಅಂತ. ಗಡಿಯಾರ ನೋಡ್ತಾ ಇದ್ದೆ.” ಮೂರನೇ ದಿನ ಅವಳ ಬಿ.ಪಿ. ಇಳಿಯಿತು. ಮಗುವನ್ನು ಮನೆಗೆ ತರಲು ಇಪ್ಪತ್ತಾರು ದಿನ ಬೇಕಾಯಿತು.

ಇತ್ತ ವೇಣೂರಿನಲ್ಲಿ ಬಾವಾ ಒಂದು ಸಂಜೆ ಶಶಿಪ್ರಭಾಳನ್ನು ಅಂಗಡಿಯ ಮುಂದೆ ನಿಲ್ಲಿಸಿದರು.

“ಹದಿನೆಂಟು ವರ್ಷ ನಾನು ಇಳಿದ ಮೇಲೆ ಫೋನ್ ಸತ್ತು, ಯಾರ ಯಾರದ್ದೋ ಫೋನ್ ಕೇಳಿ ಮನೆಗೆ ಮಾತಾಡ್ತಿದ್ದೆ. ನನ್ನ ಫೋನೇ ಸರಿ ಇಲ್ಲ ಅಂತ ಮೂರು ಫೋನ್ ಬದಲಾಯಿಸಿದೆ.”

“ಈಗ ಎಂತ ಹೇಳ್ತೀರಿ ಬಾವಾಕ?”

“ಎಂತ ಹೇಳುದು? ಫೋನ್ ಸರಿ ಇತ್ತು.”

ಮುಂದಿನ ತಿಂಗಳು ಅವರೂ ಮೊಮ್ಮಗಳನ್ನು ನೋಡಲು ಹೋಗುತ್ತಾರೆ. ಕಟ್ಟು ತರುವವರಿಗೆ ಈಗಲೇ ಹೇಳಿ ಇಟ್ಟಿದ್ದಾರೆ, ತೆರೆದು ತನ್ನಿ, ನನ್ನ ಎದುರಿಗೇ ಕಟ್ಟುವ ಎಂದು. ಯಾರಿಗೂ ಬೇಸರವಾದಂತೆ ಕಾಣಲಿಲ್ಲ. ಅವ್ವಮ್ಮ ಕೂಡ ಹಾಗೇ ತರುತ್ತೇನೆ ಎಂದಿದ್ದಾರೆ.

ಇದನ್ನು ಓದುತ್ತಿರುವ ನಿಮ್ಮ ಮನೆಯಿಂದಲೂ ಯಾರಾದರೂ ವಿಮಾನ ಹತ್ತುವವರಿರಬಹುದು. ಇನ್ನೊಬ್ಬರ ಕಟ್ಟನ್ನು ಒಯ್ಯುವ ಮೊದಲು ಒಳಗೆ ಏನಿದೆ ಎಂದು ಕೇಳಿ, ನೋಡಿ. ಕೇಳಿದರೆ ಮುರಿಯುವಂಥ ನಂಬಿಕೆ ಅಲ್ಲ ಅದು. ಫೋನ್ ಮತ್ತು ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಉಬ್ಬಿದ ಬ್ಯಾಟರಿಯನ್ನು ಯಾವ ಚೀಲದಲ್ಲೂ ಇಡಬೇಡಿ. ಹಾರಾಟದಲ್ಲಿ ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಬೇಡಿ. ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಕೊಟ್ಟವರನ್ನು ಕೇಳಿಕೊಳ್ಳಿ. ಪಕ್ಕದವರಿಗೆ ನಿಮ್ಮ ಮನೆಯ ಮಾತು ಬೇಡ, ಇಯರ್‌ಫೋನ್ ಹಾಕಿ. ಫೋನ್ ಸಂದಿಗೆ ಬಿದ್ದರೆ ಸೀಟು ಅಲುಗಿಸದೆ ಸಿಬ್ಬಂದಿಯನ್ನು ಕರೆಯಿರಿ. ಅವರು ಹೇಳಿದಾಗ ಫ್ಲೈಟ್ ಮೋಡ್ ಒತ್ತಿ. ಅವರು ಹೇಳಿದ ಮೇಲೆಯೇ ತೆಗೆಯಿರಿ.

ಒತ್ತುವ ಮೊದಲು ಮನೆಗೆ ಒಂದು ಕರೆ ಮಾಡಿ. ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಹೇಳಿ. ಇನ್ನೇನಾದರೂ ಹೇಳುವುದಿದ್ದರೆ ಅದನ್ನೂ ಆಗಲೇ ಹೇಳಿ. ಇಳಿದ ಮೇಲೆ ಹೇಳಿದರಾಯಿತು ಎಂದು ಇಟ್ಟುಕೊಳ್ಳಬೇಡಿ.